ಅಮ್ಮನ ಜೊತೆ ಟೋಕಿಯೊ: ಹರಾಜುಕುದಿಂದ ಕೊಜಿಮಾ ಜೀನ್ಸ್ ಬೀದಿವರೆಗೆ

ಶನಿವಾರ

ಟೋಕಿಯೊಗೆ ಹೋಗೋರು ದೇವಸ್ಥಾನ, ಟವರ್, ಫ್ಯೂಜಿ ಬೆಟ್ಟ ಅಂತ ಪಟ್ಟಿ ಮಾಡ್ಕೊಂಡು ಹೋಗ್ತಾರೆ, ನಾನು ಅಮ್ಮ ಹೋಗಿದ್ದು ಅಲ್ಲಿನ ಜನ ಹಾಕ್ಕೊಂಡಿರೋ ಬಟ್ಟೆ ನೋಡೋಕೆ. ನಾವು ಬಳ್ಳಾರಿಯೋರು, ನಮ್ಮೂರು ಅಂದ್ರೆ ಜೀನ್ಸ್, ಅಮ್ಮ ಮೊದಲು ಮನೇಲಿ ಕೂತು ಪೀಸ್ ಲೆಕ್ಕದಲ್ಲಿ ದಾರ ಕಟಿಂಗ್ ಮಾಡ್ತಿದ್ದೋಳು, ಆಮೇಲೆ ಮಷೀನ್ ಕಲಿತು, ಮನೆ ಹಿಂದಿನ ಶೆಡ್ಡಲ್ಲಿ ನಾಕು ಮಷೀನ್ ಹಾಕ್ಕೊಂಡು ಜಾಬ್ ವರ್ಕ್ ಮಾಡಿದೋಳು. ಯಾರ್ದಾದ್ರೂ ಪ್ಯಾಂಟ್ ನೋಡಿದ್ರೆ ಮುಖಕ್ಕಿಂತ ಮುಂಚೆ ಸೈಡ್ ಸೀಮ್ ನೋಡ್ತಾಳೆ. ನಂಗೂ ಅದೇ ಅಭ್ಯಾಸ ಬಂದಿದೆ.

ಅಣ್ಣ ಅತ್ತಿಗೆ ಇರೋದು ನಿಶಿ ಕಸಾಯಿಲಿ. ಟೋಕಿಯೊದ ಪೂರ್ವಕ್ಕೆ ಎದೊಗಾವಾ ವಾರ್ಡಲ್ಲಿ ಬರುತ್ತೆ, 2000ದ ಆಸುಪಾಸಿಂದ ನಮ್ಮ ದೇಶದ ಐಟಿಯೋರು ಬಂದು ಸೇರ್ಕೊಂಡಿರೋ ಏರಿಯಾ. ನವೆಂಬರ್ ತಿಂಗಳು, ಸಣ್ಣಗೆ ಚಳಿ. ಊಟ ಮುಗಿಸಿ ಸ್ಟೇಷನ್ ಮುಂದೆ ಒಂದು ಬೆಂಚ್ ಹಿಡ್ಕೊಂಡು ಕೂತ್ವಿ, ಅಣ್ಣನ ಮಗಳು ನಮ್ ಜೊತೆ. ಕಣ್ಣಿಗೆ ಮೊದಲು ಬಿದ್ದಿದ್ದು ಬಣ್ಣ, ಕಪ್ಪು, ಬೂದಿ, ನೇವಿ, ಬಿಸ್ಕತ್ ಬಣ್ಣ, ಅದೇ ಅದೇ. ಆಮೇಲೆ ಅಳತೆ. ಮೈಗೆ ಅಂಟೋ ಬಟ್ಟೆ ಹೆಚ್ಚು ಕಾಣಲಿಲ್ಲ, ಗಂಡಸರು ಹೆಂಗಸರು ಇಬ್ರೂ ಅಗಲ ಪ್ಯಾಂಟು, ಭುಜ ಇಳಿಬಿದ್ದ ಕೋಟು. ಲೂಸ್ ಇದ್ರೂ ಒಬ್ಬರ ಪ್ಯಾಂಟೂ ನೆಲಕ್ಕೆ ತಾಗ್ತಿರಲಿಲ್ಲ, ಶೂ ಮೇಲೆ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿದೆ. "ಎಲ್ರೂ ಆಲ್ಟರ್ ಮಾಡಿಸ್ಕೊಂಡೇ ಹಾಕ್ತಾರೆ ನೋಡು" ಅಂದ್ಲು ಅಮ್ಮ.

ಅಷ್ಟರಲ್ಲಿ ಸ್ಕೂಲ್ ಹುಡುಗೀರ ಒಂದು ಗುಂಪು ಬಂತು, ಎಲ್ರೂ ಒಂದೇ ಯೂನಿಫಾರ್ಮ್. ನಮ್ಮ ಹುಡುಗಿ ಇಲ್ಲೇ ಲೋಕಲ್ ಸ್ಕೂಲಲ್ಲಿ ಓದೋದು, ಅವಳಿಗೆ ಒಳಗಿನ ವಿಷಯ ಎಲ್ಲ ಗೊತ್ತು. "ಅಜ್ಜಿ, ಸ್ಕರ್ಟ್ ನೋಡಿ, ಸೊಂಟದ ಹತ್ರ ಎರಡು ಸಲ ಮಡಚಿ ಗಿಡ್ಡ ಮಾಡ್ಕೊಂಡಿದಾರೆ, ಸ್ಕೂಲ್ ಗೇಟಲ್ಲಿ ಬಿಚ್ಚಿ ಉದ್ದ ಮಾಡ್ಕೋತಾರೆ" ಅಂತ ತೋರಿಸಿದ್ಲು. ಆಮೇಲೆ ನೋಡಿದ್ರೆ ಒಬ್ಬಳ ಬ್ಯಾಗಿಗೆ ಹತ್ತಿಪ್ಪತ್ತು ಬೊಂಬೆ ಜೋತಾಡ್ತಿವೆ, ಒಬ್ಬಳ ಸ್ವೆಟರ್ ತೋಳು ಬೆರಳವರೆಗೆ, ಒಬ್ಬಳ ಕಾಲುಚೀಲ ಮಾತ್ರ ಬೇರೆ. ಒಂದೇ ಬಟ್ಟೆ ಕೊಟ್ಟು ಕೂರಿಸಿದ್ರೂ ಮನುಷ್ಯರು ಎಲ್ಲಾದ್ರೂ ಒಂದು ಕಡೆ ತಮ್ಮದು ಅಂತ ಮಾಡ್ಕೊಂಡೇ ಮಾಡ್ಕೋತಾರೆ, ಮುಂದಿನ ದಿನಗಳೆಲ್ಲ ನಾನು ಹುಡುಕಿದ್ದು ಅದನ್ನೇ.

ಭಾನುವಾರ

ತೊಜಾಯಿ ಲೈನಲ್ಲಿ ಓತೆಮಾಚಿ, ಅಲ್ಲಿ ಚಿಯೊದಾ ಲೈನಿಗೆ ಬದಲಾಯಿಸಿ ಮೇಜಿ ಜಿಂಗುಮಾಯೆ. ಇಲ್ಲಿ ಇಳಿದ್ರೆ ಹರಾಜುಕು. 1924ರಲ್ಲಿ ಕಟ್ಟಿದ ಮರದ ಸ್ಟೇಷನ್ ಇತ್ತಲ್ಲ, ಫೋಟೋಗಳಲ್ಲಿ ಎಲ್ರೂ ನೋಡಿರೋದು, ಪಕ್ಕದಲ್ಲಿ 2020ರಲ್ಲಿ ಗಾಜಿನ ಹೊಸ ಸ್ಟೇಷನ್ ತೆರೆದ ಮೇಲೆ ಅದನ್ನ ಬಿಚ್ಚಿದ್ರು.

ತಕೆಶಿತಾ ಬೀದಿ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ, ಮುನ್ನೂರೈವತ್ತು ಮೀಟರ್ ಉದ್ದದ ಓಣಿ, ಕ್ರೇಪ್ ಅಂಗಡಿ, ಕಾಲುಚೀಲದ ಅಂಗಡಿ, ನಮ್ಮಂಥ ಪ್ರವಾಸಿಗಳೇ ಪ್ರವಾಸಿಗಳು. ಆದ್ರೆ ಈ ಏರಿಯಾ ಹೆಸರು ಮಾಡಿದ್ದು ಹೆಂಗೆ ಅಂತ ತಿಳ್ಕೊಂಡು ನಡೆದ್ರೆ ಬೇರೆಯೇ ಕಾಣುತ್ತೆ. 70ರ ದಶಕದ ಕೊನೆಯಿಂದ 1998ರವರೆಗೆ ಭಾನುವಾರ ಇಲ್ಲಿನ ರಸ್ತೆಗೆ ಗಾಡಿ ಬಿಡ್ತಿರಲಿಲ್ಲ, ಹೊಕೊತೆನ್ ಅಂತ ಕರೀತಿದ್ರು, ರಸ್ತೆ ಪೂರ್ತಿ ಹುಡುಗ ಹುಡುಗೀರದ್ದು. 80ರ ಹೊತ್ತಿಗೆ ತಕೆನೊಕೊ ಗುಂಪಿನೋರು ಮಿಂಚೋ ಬಟ್ಟೆ ಹಾಕ್ಕೊಂಡು ಟೇಪ್ ರೆಕಾರ್ಡರ್ ಇಟ್ಟು ಕುಣಿದಿದ್ದು ಇಲ್ಲೇ. ಬೀದಿಯೋರ ಉಡುಪು ಅಷ್ಟು ಜೋರಾಗಿ ಬೆಳೆದಾಗ 1997ರಲ್ಲಿ ಶೊಯಿಚಿ ಆಓಕಿ ಅನ್ನೋ ಫೋಟೋಗ್ರಾಫರ್ ಫ್ರೂಟ್ಸ್ ಅಂತ ಮ್ಯಾಗಜಿನ್ ಶುರು ಮಾಡಿದ್ರು, ಮಾಡೆಲ್ಲೂ ಇಲ್ಲ ಸ್ಟುಡಿಯೋನೂ ಇಲ್ಲ, ರಸ್ತೇಲಿ ನಿಂತ ಹುಡುಗೀನ ತಲೆಯಿಂದ ಕಾಲವರೆಗೆ ನೇರವಾಗಿ ಒಂದು ಫೋಟೋ, ಏನು ಹಾಕ್ಕೊಂಡಿದಾಳೆ ಎಲ್ಲಿಂದ ತಂದಿದಾಳೆ ಅಂತ ಕೆಳಗೆ ಬರೆಯೋದು. ಆ ವಿವರಗಳಲ್ಲಿ "ಕೈಯಲ್ಲೇ ಮಾಡಿದ್ದು" ಅಂತ ಎಷ್ಟೋ ಸಲ ಬರ್ತಿತ್ತು, ನಂಗೆ ಆ ಮ್ಯಾಗಜಿನ್ ಇಷ್ಟ ಆಗಿದ್ದೇ ಅದಕ್ಕೆ. 2017ರಲ್ಲಿ ನಿಲ್ಲಿಸಿದ್ರು, ಫೋಟೋ ತೆಗೆಯೋವಷ್ಟು ಚಂದದ ಮಕ್ಕಳು ಬೀದೀಲಿ ಸಿಗ್ತಿಲ್ಲ ಅನ್ನೋದು ಅವರು ಕೊಟ್ಟ ಕಾರಣ.

ಅದು ಪೂರ್ತಿ ನಿಜ ಅಂತ ನಂಗೆ ಅನಿಸಲಿಲ್ಲ. 1978ರಿಂದ ಇರೋ ಲಾಫೊರೆ ಅನ್ನೋ ಫ್ಯಾಷನ್ ಮಾಲ್ ಹತ್ರ ಇಬ್ಬರು ಹುಡುಗೀರು ಲೊಲಿಟಾ ಉಡುಪಲ್ಲಿ ನಿಂತಿದ್ರು, ಒಳಗೆ ಪೆಟಿಕೋಟ್ ಹಾಕಿ ಉಬ್ಬಿಸಿದ ಫ್ರಾಕು, ತಲೆಗೆ ಬಾನೆಟ್ಟು. ದೂರದಿಂದ ಬರೀ ಬೊಂಬೆ ವೇಷ ಅನಿಸುತ್ತೆ, ಹತ್ರ ಹೋದ್ರೆ ಕೆಲಸ ಕಾಣೋದು. ಒಬ್ಬಳ ಎದೆ ಭಾಗದಲ್ಲಿ ಸಣ್ಣ ಮಡಿಕೆ ಹಾಕಿ ಹೊಲಿಯೋ ಪಿನ್‌ಟಕ್ ಸಾಲು, ಒಂದೊಂದೂ ಎರಡು ಮಿಲಿಮೀಟರ್ ಇರಬೇಕು, ಕಡ್ಡಿ ಇಟ್ಟು ಗೆರೆ ಎಳೆದ ಹಂಗೆ ನೇರ, ಟಕ್ ಮುಗಿಯೋ ಕಡೆ ಸಣ್ಣ ಲೇಸ್, ಆ ಲೇಸಿನ ಹೂವು ಎಡಕ್ಕೂ ಬಲಕ್ಕೂ ಒಂದೇ ಜಾಗಕ್ಕೆ ಬರೋ ಹಂಗೆ ಕೂರಿಸಿದಾರೆ. ಕೇಳಿ ಫೋಟೋ ತೆಗೀಬೇಕು ಇಲ್ಲಿ, ಕೇಳದೆ ಮೊಬೈಲ್ ಎತ್ತೋದು ತಪ್ಪು. ನಮ್ಮ ಹುಡುಗಿ ಜಪಾನೀಸಲ್ಲಿ ಕೇಳಿದ್ಲು, ಮುಖ ಬೇಡ ಬಟ್ಟೆ ಮಾತ್ರ ಅಂದ್ರು. ನಾವು ಕೇಳ್ಬೇಕಂತಿದ್ದಿದ್ದೂ ಬಟ್ಟೇನೇ. ಲೇಸ್ ಅವಳೇ ಕೂರಿಸಿದ್ದಂತೆ, ನಿಪ್ಪೊರಿಲಿ ತಗೊಂಡಿದ್ದು ಅಂತನೂ ಹೇಳಿದ್ಲು.

ಮಧ್ಯಾಹ್ನ ಯೊಯೊಗಿ ಪಾರ್ಕ್ ಗೇಟಲ್ಲಿ ಹಳೇ ಅಮೆರಿಕನ್ ರಾಕ್ ಹಾಡಿಗೆ ಕುಣಿಯೋ ರಾಕಬಿಲಿ ಗುಂಪು. ಲೆದರ್ ಜಾಕೆಟ್, ಮುಂದೆ ಎತ್ತಿ ಬಾಚಿದ ಕೂದಲು, ಎಷ್ಟೋ ಜನ ಐವತ್ತು ದಾಟಿದೋರು, ಭಾನುವಾರ ಬಂದು ಕುಣಿದು ಹೋಗ್ತಾರೆ. ಡಾಂಬರ್ ಮೇಲೆ ತಿರುಗಿ ತಿರುಗಿ ಶೂ ಸವೆದು ಹೋಗಿ ಮುಂಭಾಗಕ್ಕೆ ಟೇಪ್ ಸುತ್ತಿರ್ತಾರೆ, ಹೊಸ ಶೂ ತಗೊಳ್ಳೋ ಬದಲು ಟೇಪ್ ಮೇಲೆ ಟೇಪ್. ಅದು ನೋಡೋಕೂ ಚಂದ ಇತ್ತು.

ವಾಪಸ್ ಬರೋವಾಗ ಟ್ರೇನಲ್ಲಿ ನಮ್ಮ ಎದುರು ಎಪ್ಪತ್ತರ ಆಸುಪಾಸಿನ ಒಬ್ರು ಹೆಂಗಸು, ಮೈ ತುಂಬಾ ಸಣ್ಣ ಸಣ್ಣ ನೆರಿಗೆ ಇರೋ ಹಸಿರು ಟಾಪು. ಜಪಾನಿನ ಡಿಸೈನರ್ ಇಸ್ಸೆ ಮಿಯಾಕೆ ಅವರ ಪ್ಲೀಟ್ಸ್ ಪ್ಲೀಸ್ ಅನ್ನೋ ಬ್ರ್ಯಾಂಡು, 1993ರಿಂದ ಬರ್ತಿದೆ. ಎಲ್ರೂ ನೆರಿಗೆ ಹಿಡಿದ ಬಟ್ಟೆ ತಂದು ಕತ್ತರಿಸಿ ಹೊಲೀತಾರೆ, ಇದ್ರಲ್ಲಿ ಉಲ್ಟಾ, ಬೇಕಾದ ಸೈಜಿಗಿಂತ ಎರಡೂವರೆ ಮೂರು ಪಟ್ಟು ದೊಡ್ಡದಾಗಿ ಕತ್ತರಿಸಿ, ಪೂರ್ತಿ ಹೊಲಿದು, ಆಮೇಲೆ ಎರಡು ಕಾಗದದ ಮಧ್ಯ ಇಟ್ಟು ಬಿಸಿ ಪ್ರೆಸ್ಸಿಗೆ ಹಾಕೋದು, ಪಾಲಿಯೆಸ್ಟರ್ ಆಗಿರೋದ್ರಿಂದ ನೆರಿಗೆ ಒಗೆದ್ರೂ ಹೋಗಲ್ಲ. ಇದನ್ನ ಹೇಳಿದ ಮೇಲೆ ಅಮ್ಮ ನಿಶಿ ಕಸಾಯಿ ಬರೋವರೆಗೂ ಮಾತಾಡಲಿಲ್ಲ, ಆ ತೋಳು ಹೆಂಗೆ ಕೂರಿಸಿರಬಹುದು ಅಂತ ಲೆಕ್ಕ ಹಾಕ್ತಿದ್ಲಂತೆ.

ಸೋಮವಾರ

ಆ ಲೇಸ್ ಹುಡುಗಿ ಹೇಳಿದ ನಿಪ್ಪೊರಿ. ಸ್ಟೇಷನ್ನಿಂದ ಒಂದು ಕಿಲೋಮೀಟರ್ ರಸ್ತೆ, ಎರಡೂ ಕಡೆ ಬಟ್ಟೆ, ಗುಂಡಿ, ಜಿಪ್, ಲೇಸ್, ಚರ್ಮದ ಅಂಗಡಿ. ಭಾನುವಾರ ಬಹಳಷ್ಟು ಮುಚ್ಚಿರ್ತವೆ, ಬೇರೆ ದಿನ ಹೋಗಿ. ತೊಮಾತೊ ಅಂತ ದೊಡ್ಡ ಅಂಗಡಿ ಇದೆ, ಕೆಳಗಡೆ ಮೀಟರಿಗೆ ನೂರು ಯೆನ್ನಿನ ಬಟ್ಟೆ ಇತ್ತು, ಅಂದ್ರೆ ಆಗ ಐವತ್ತೈದು ರೂಪಾಯಿ ಆಸುಪಾಸು. ಹರಾಜುಕು ಬೀದಿಯ ಅಡುಗೆಮನೆ ಇದು ಅಂತ ನಂಗನಿಸಿತು. ಕಾಸ್ಪ್ಲೇ ಅಂತ ಕಾರ್ಟೂನ್ ಪಾತ್ರಗಳ ವೇಷ ಹಾಕೋ ಹುಡುಗರು, ಕೂದಲಿಗೆ ನೀಲಿ ಬಣ್ಣ ಹಾಕಿದ ಫ್ಯಾಷನ್ ಸ್ಟೂಡೆಂಟ್ಸು, ಮೊಮ್ಮಕ್ಕಳಿಗೆ ಬ್ಯಾಗ್ ಹೊಲಿಯೋ ಅಜ್ಜೀರು, ಎಲ್ಲ ಒಂದೇ ಕ್ಯೂ. ಜಪಾನಲ್ಲಿ ಹೊಲಿಗೆ ಕಲಿಸೋ ಹಳೇ ಪದ್ಧತಿ ಗಟ್ಟಿ ಇದೆ, ಶಿಂಜುಕು ಹತ್ರದ ಬುಂಕಾ ಫ್ಯಾಷನ್ ಕಾಲೇಜ್ 1919ರಲ್ಲಿ ಸಣ್ಣ ಹೊಲಿಗೆ ಶಾಲೆಯಾಗಿ ಶುರುವಾಗಿದ್ದು, ಹೆಸರಾಂತ ಡಿಸೈನರ್ ಯೊಹ್ಜಿ ಯಮಾಮೊತೊ ಓದಿದ್ದಲ್ಲಿ, ಇನ್ನೊಬ್ಬ ಡಿಸೈನರ್ ಕೆಂಜೊ ತಕಾದಾ ಅಲ್ಲಿನ ಮೊದಮೊದಲ ಗಂಡು ವಿದ್ಯಾರ್ಥಿಗಳಲ್ಲಿ ಒಬ್ರು.

ಅಮ್ಮ ಗುಂಡಿ ಅಂಗಡೀಲಿ ಒಂದು ಗಂಟೆ ಕಳೆದ್ಲು. ಬರೀ ಗುಂಡಿ. ತಗೊಂಡಿದ್ದು ಆರು.

ಮಂಗಳವಾರ, ಬುಧವಾರ

ಶಿಮೊಕಿತಾಜಾವಾ, ಹುಡುಗರು ಶಿಮೊಕಿತಾ ಅಂತಾರೆ, ಹಳೇ ಬಟ್ಟೆ ಅಂಗಡಿಗಳ ಏರಿಯಾ. 2013ರಲ್ಲಿ ಒದಾಕ್ಯು ರೈಲು ನೆಲದೊಳಗೆ ಹೋದ ಮೇಲೆ ಮೇಲಿನ ಹಳಿ ಜಾಗದಲ್ಲಿ ಈಗ ನಡೆಯೋ ದಾರಿ, ಸಣ್ಣ ಅಂಗಡಿಗಳು. ಚಂದ ಇದೆ, ಆದ್ರೆ ಅಂಗಡಿಗಳಲ್ಲಿ ಮುಕ್ಕಾಲು ಪಾಲು ಅಮೆರಿಕದಿಂದ ಬಂದ ಹಳೇ ಬಟ್ಟೆ. ಒಂದು ಕಡೆ ಹಳೇ ಲೀವೈಸ್ ನೇತುಹಾಕಿದ್ರು, ಹಿಂದಿನ ಜೇಬಿನ ಕೆಂಪು ಟ್ಯಾಗಲ್ಲಿ ಇ ಅಕ್ಷರ ದೊಡ್ಡದಾಗಿದ್ರೆ 1971ಕ್ಕಿಂತ ಹಿಂದಿನದು ಅಂತ ಲೆಕ್ಕ, ಅದಕ್ಕೆ ರೇಟೇ ಬೇರೆ. ಬೆಲೆ ನೋಡಿ ಅಮ್ಮಂಗೆ ನಂಬೋಕೇ ಆಗಲಿಲ್ಲ. ನಮ್ಮೂರಲ್ಲಿ ಹೋಲ್‌ಸೇಲಿಗೆ ಕೆಲವು ನೂರು ರೂಪಾಯಿಗೆ ಹೊಸಾ ಪ್ಯಾಂಟ್ ಹೋಗುತ್ತೆ, ಅದ್ರಲ್ಲಿ ಹೊಲಿದೋರಿಗೆ ಸಿಗೋದು ಎಷ್ಟು ಅಂತ ಅವಳಿಗೆ ಬಾಯಿಪಾಠ.

ನಂಗೆ ಮನಸ್ಸು ತುಂಬಿದ್ದು ಕೋಎಂಜಿ. ಚೂಓ ಲೈನಲ್ಲಿ ಶಿಂಜುಕುದಿಂದ ಹತ್ರ. ಪಂಕ್ ಸಂಗೀತದ ಹುಡುಗರು, ಸಣ್ಣ ಬಾರ್, ಆಗಸ್ಟಲ್ಲಿ ಬೀದಿ ತುಂಬಾ ಅವಾ ಒದೊರಿ ಕುಣಿತ, ಅದು 1957ರಿಂದ ನಡ್ಕೊಂಡು ಬಂದಿದೆ. ಇಲ್ಲಿನ ಅಂಗಡಿಗಳು ಒಂದೊಂದೂ ಒಬ್ಬೊಬ್ಬರ ತಲೆ. ಮೆಟ್ಟಿಲು ಹತ್ತಿ ಹೋದ್ರೆ ಹತ್ತಡಿ ರೂಮು, ಮೂಲೇಲಿ ಮಷೀನ್ ಇಟ್ಕೊಂಡು ಅಂಗಡಿಯೋರೇ ಕೂತು ಹೊಲೀತಿರ್ತಾರೆ. ಒಬ್ಬ ಹುಡುಗ, ಮೂವತ್ತು ಇರಬಹುದು, ಎರಡು ಹಳೇ ಶರ್ಟ್ ಮಧ್ಯಕ್ಕೆ ಕತ್ತರಿಸಿ ಒಂದು ಮಾಡ್ತಿದ್ದ. ಎರಡರ ಚೆಕ್ಸ್ ಬೇರೆ ಬೇರೆ ಅಳತೆ, ಜೇಬಿನ ಹತ್ರ ಒಂದೇ ಒಂದು ಗೆರೆ ಕೂಡೋ ಹಂಗೆ ಜೋಡಿಸಿದ್ದ, ಕಣ್ಣು ಅಲ್ಲೇ ಹೋಗಿ ನಿಲ್ಲುತ್ತೆ. ಅಂಥ ಪೀಸ್ ಇನ್ನೊಂದು ಹುಟ್ಟಲ್ಲ, ಅದೇ ಶರ್ಟ್ ಇನ್ನೊಂದು ಸಿಗಲ್ವಲ್ಲ. ದೊಡ್ಡ ಬ್ರ್ಯಾಂಡಿನೋರು ಇಂಥದ್ದೇ ಐಡಿಯಾ ತಗೊಂಡು ಸಾವಿರಗಟ್ಟಲೆ ಪ್ರಿಂಟ್ ಹೊಡೀತಾರೆ, ಅದ್ರಲ್ಲಿ ಈ ಕೂಡೋ ಗೆರೆ ಇರಲ್ಲ.

ಪಕ್ಕದ ಇನ್ನೊಂದು ಅಂಗಡೀಲಿ ಗೋಡೆ ಮೇಲೆ ಬೊರೊ ಜಾಕೆಟ್. ಉತ್ತರದ ಚಳಿ ಊರುಗಳಲ್ಲಿ, ಆಓಮೊರಿ ಕಡೆ ಹತ್ತಿ ಬೆಳೀತಿರಲಿಲ್ಲ, ಬಡವರು ಸಿಕ್ಕಿದ ಚೂರು ಬಟ್ಟೆ ಒಂದರ ಮೇಲೊಂದು ಇಟ್ಟು ಸಶಿಕೊ ಅನ್ನೋ ಕೈ ಹೊಲಿಗೆ ಹಾಕಿ ತಲೆಮಾರುಗಟ್ಟಲೆ ಹಾಕ್ಕೋತಿದ್ರು. ಅಮ್ಮ ಬೆರಳಿಟ್ಟು ನೋಡಿ "ಇದು ಕೌದಿ ಅಲ್ವೇನೆ, ನಮ್ಮವ್ವ ಹಿಂಗೇ ಹೊಲೀತಿದ್ಲು, ಇದೇ ಓಡು ಹೊಲಿಗೆ" ಅಂದ್ಲು. ಹೌದು, ಕೈ ಅದೇ. ನಮ್ಮಲ್ಲಿ ಹಾಸೋಕೆ ಹೊದೆಯೋಕೆ ಉಳೀತು, ಇಲ್ಲಿ ಮೈಮೇಲೆ ಬಂತು, ಈಗ ಗೋಡೆ ಮೇಲೂ ಬಂದಿದೆ. ನಮ್ಮ ಕೌದಿ ಹೊಲಿಯೋ ಅಜ್ಜೀರಿಗೂ ಇಂಥ ಗೋಡೆ, ಇಂಥ ಬೆಲೆ ಸಿಗಬೇಕು, ನಾನಿದನ್ನ ಆಸೆಗೆ ಹೇಳ್ತಿಲ್ಲ, ಆ ಕೆಲಸ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಯಾರಾದ್ರೂ ಒಪ್ಪೋ ಮಾತು.

ಗುರುವಾರ

ಸುಗಾಮೊ. ಅಜ್ಜೀರ ಹರಾಜುಕು ಅಂತಾನೇ ಇದಕ್ಕೆ ಹೆಸರು, ಜಿಜೊದೊರಿ ಅಂತ ಎಂಟುನೂರು ಮೀಟರ್ ಬಜಾರು. ಪ್ರತಿ ತಿಂಗಳು 4, 14, 24ನೇ ತಾರೀಕು ಇಲ್ಲಿ ಸಂತೆ, ನಾವು ಹೋಗಿದ್ದು 14ಕ್ಕೆ, ಅದನ್ನ ನೋಡ್ಕೊಂಡೇ ಪ್ಲಾನ್ ಮಾಡಿದ್ದೆ. ಬಟ್ಟೆ ನೋಡೋ ಆಸೆ ಇರೋರು ಹರಾಜುಕು ಬಿಟ್ರೂ ಪರವಾಗಿಲ್ಲ, ಸುಗಾಮೊ ಬಿಡಬೇಡಿ. ಕೊಗಾನ್‌ಜಿ ದೇವಸ್ಥಾನದಲ್ಲಿ ಕರುಣೆಯ ದೇವತೆ ಕನ್ನೊನ್‌ದು ಕಲ್ಲಿನ ಮೂರ್ತಿ, ತಮಗೆ ಎಲ್ಲಿ ನೋವೋ ಮೂರ್ತೀಲೂ ಅದೇ ಜಾಗನ ಒದ್ದೆ ಬಟ್ಟೇಲಿ ಒರೆಸ್ತಾರೆ. ಬಜಾರಲ್ಲಿ ಕೆಂಪು ಒಳಉಡುಪಿನ ಅಂಗಡಿ ಮರುಜಿ, ಪೂರ್ತಿ ಅಂಗಡಿ ಕೆಂಪು, ಕೆಂಪು ಹಾಕಿದ್ರೆ ಮೈ ಬೆಚ್ಚಗಿರುತ್ತೆ ಒಳ್ಳೇದಾಗುತ್ತೆ ಅನ್ನೋ ನಂಬಿಕೆ.

ಅಜ್ಜೀರು ಹಾಕ್ಕೊಂಡಿರೋದು ನೋಡ್ಬೇಕು ನೀವು. ಕ್ವಿಲ್ಟ್ ಜಾಕೆಟ್ ಒಳಗೆ ಹೂವಿನ ಶರ್ಟ್, ಅದರ ಮೇಲೆ ಕೈಯಲ್ಲಿ ಹೆಣೆದ ವೇಸ್ಟ್ ಕೋಟು, ತಲೆಗೆ ಹ್ಯಾಟು, ಹ್ಯಾಟಿಗೆ ಬ್ರೂಚು, ಎಳೆಯೋ ಗಾಡಿ ಬ್ಯಾಗಿಗೂ ಅದೇ ಬಣ್ಣದ ರಿಬ್ಬನ್. ಒಬ್ರು ಹಳೇ ಕಿಮೊನೊ ಬಿಚ್ಚಿ ಅದರ ರೇಷ್ಮೇಲಿ ಟಾಪ್ ಹೊಲಿಸ್ಕೊಂಡಿದ್ರು, ಕಿಮೊನೊ ಬಟ್ಟೆ ಅಗಲ ಕಮ್ಮಿ ಆಗಿರೋದ್ರಿಂದ ಎದೆ ಮಧ್ಯೆ, ಬೆನ್ನ ಮಧ್ಯೆ ಜೋಡು ಬಂದೇ ಬರುತ್ತೆ, ಆ ಜೋಡಿನ ಮೇಲೇ ಬೇರೆ ಬಣ್ಣದ ಪೈಪಿಂಗ್ ಕೊಟ್ಟು ತೋರಿಸ್ಕೊಂಡಿದ್ರು. ಮುಚ್ಚಿಡೋದನ್ನ ಮೇಲೆ ತಂದಿರೋದು. ಫೋಟೋ ತೆಗೆಯೋರು ಯಾರೂ ಇಲ್ಲ ಇಲ್ಲಿ, ಮ್ಯಾಗಜಿನ್ನೂ ಇಲ್ಲ, ಇವರಿಗೆ ಇವರ ಗೆಳತೀರು ನೋಡಿದ್ರೆ ಸಾಕು.

ಅವತ್ತು ಅಮ್ಮ ಇಳಕಲ್ ಸೀರೆ ಉಟ್ಟಿದ್ಲು, ಗುಳೇದಗುಡ್ಡದ ಖಣದ ಕುಪ್ಪಸ, ಮೇಲೆ ಅಣ್ಣನ ದಪ್ಪ ಜಾಕೆಟ್. ಉಪ್ಪು ಸೇರಿಸಿ ಮಾಡೋ ಶಿಓ ದೈಫುಕು ಅಂತ ಸಿಹಿ ತಗೊಳೋ ಕ್ಯೂನಲ್ಲಿ ಮೂವರು ಅಜ್ಜೀರು ಸೆರಗು ನೋಡೋಕೆ ಶುರು ಮಾಡಿದ್ರು, ಮುಟ್ಟಬಹುದಾ ಅಂತ ತಲೆ ಬಗ್ಗಿಸಿ ಕೇಳಿ ಮುಟ್ಟಿದ್ರು. ಅಮ್ಮ ಜಾಕೆಟ್ ಬಿಚ್ಚಿ ನನ್ನ ಕೈಗೆ ಕೊಟ್ಟು ಸೆರಗು ಹರಡಿದ್ಲು. ಇಳಕಲ್ಲಲ್ಲಿ ಒಡಲಿನ ಹಾಸುನೂಲು, ಅಂದ್ರೆ ಉದ್ದಕ್ಕೆ ಹೋಗೋ ನೂಲು, ಬೇರೆ, ಸೆರಗಿನ ಹಾಸುನೂಲು ಬೇರೆ, ಎರಡನ್ನೂ ಎಳೆ ಎಳೆಗೂ ಕೊಂಡಿ ಹಾಕಿ ಸೇರಿಸಿ ನೇಯೋದು, ಮೊಮ್ಮಗಳ ಬಾಯಲ್ಲಿ ಅದನ್ನ ಹೇಳಿಸಿದ್ಲು. ಅವರಲ್ಲಿ ಒಬ್ರು ಸೇರೋ ಜಾಗ ಹುಡುಕಿ ಕನ್ನಡಕ ಮೇಲೆತ್ತಿ ನೋಡಿ, ತಿರುಗಿಸಿ ಹಿಂದುಗಡೆ ನೋಡಿ, ಮತ್ತೆ ಮುಂದೆ ನೋಡಿದ್ರು. ಹಿಂದುಗಡೆ ನೋಡೋರು ಹೊಲಿಗೆ ಗೊತ್ತಿರೋರೇ. ಅವರು ಹುಡುಗಿಯಾಗಿದ್ದಾಗ ಗಾರ್ಮೆಂಟ್ಸಲ್ಲಿ ಕಾಲರ್ ಕೂರಿಸ್ತಿದ್ದೋರಂತೆ. ಆಮೇಲೆ ಅರ್ಧ ಗಂಟೆ ಇಬ್ಬರದೂ ಕೈಸನ್ನೆ ಮಾತು, ಕಾಲರ್ ತುದಿ ತಿರುವೋದು ಹೆಂಗೆ ಅಂತ, ನಮ್ಮ ಹುಡುಗಿಗೆ ಅನುವಾದ ಮಾಡೋ ಕೆಲಸನೇ ಉಳೀಲಿಲ್ಲ.

ಶುಕ್ರವಾರ, ಶನಿವಾರ

ಬುಲೆಟ್ ಟ್ರೇನ್ ಶಿಂಕಾನ್‌ಸೆನ್ನಲ್ಲಿ ಒಕಾಯಾಮಾ, ಮೂರು ಗಂಟೆ ಇಪ್ಪತ್ತು ನಿಮಿಷದ ದಾರಿ. ರಾತ್ರಿ ಅಲ್ಲೇ ಉಳ್ಕೊಂಡು ಬೆಳಗ್ಗೆ ಅರ್ಧ ಗಂಟೆ ಲೋಕಲ್ ಟ್ರೇನಲ್ಲಿ ಕೊಜಿಮಾ. ಇದು ಇಡೀ ಟ್ರಿಪ್ಪಲ್ಲಿ ನಾನು ಅಮ್ಮಂಗೆ ಅಂತಲೇ ಇಟ್ಟಿದ್ದ ಊರು. ಸ್ಟೇಷನ್ ಲಾಕರ್ ಮೇಲೂ ಜೀನ್ಸ್ ಚಿತ್ರ, ಜೀನ್ಸ್ ಬೀದೀಲಿ ತಲೆ ಮೇಲೆ ಹಗ್ಗ ಕಟ್ಟಿ ಪ್ಯಾಂಟ್ ನೇತುಹಾಕಿದಾರೆ.

ಕೊಜಿಮಾ ಮೊದಲು ದ್ವೀಪ, ಸಮುದ್ರ ತುಂಬಿಸಿ ಭೂಮಿ ಮಾಡಿದ್ರು, ಮಣ್ಣಲ್ಲಿ ಉಪ್ಪು, ಭತ್ತ ಬರಲಿಲ್ಲ, ಹತ್ತಿ ಬಂತು. ಹತ್ತಿ ಬಂದ ಮೇಲೆ ದಾರದ ಪಟ್ಟಿ, ತಾಬಿ ಕಾಲುಚೀಲ, ಆಮೇಲೆ ಸ್ಕೂಲ್ ಯೂನಿಫಾರ್ಮ್, ದೇಶದ ಯೂನಿಫಾರ್ಮಲ್ಲಿ ದೊಡ್ಡ ಪಾಲು ಇವತ್ತಿಗೂ ಈ ಜಿಲ್ಲೆಯದು. ದಪ್ಪ ಬಟ್ಟೆ ಹೊಲಿಯೋ ಕೈ ಮಷೀನ್ ಎರಡೂ ರೆಡಿ ಇದ್ದಿದ್ದಕ್ಕೆ 1965ರಲ್ಲಿ ಇಲ್ಲಿನ ಕಂಪನಿ, ಆಮೇಲೆ ಬಿಗ್ ಜಾನ್ ಅಂತ ಹೆಸರಾಗಿದ್ದು, ಜಪಾನಲ್ಲೇ ಹೊಲಿದ ಮೊದಲ ಜೀನ್ಸ್ ತಂತು ಅಂತಾರೆ. ಬಳ್ಳಾರಿಯೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ನಮ್ಮಲ್ಲೂ ಬ್ರಿಟಿಷರ ಕಾಲದಲ್ಲಿ ಸೈನಿಕರ ಯೂನಿಫಾರ್ಮ್ ಹೊಲಿಯೋಕೆ ಬಂದ ದರ್ಜಿಗಳ ಕೈಯೇ ಆಮೇಲೆ ಜೀನ್ಸಿಗೆ ತಿರುಗಿದ್ದು. ಯೂನಿಫಾರ್ಮಿಂದ ಜೀನ್ಸಿಗೆ, ಎರಡೂ ಊರಿನ ದಾರಿ ಒಂದೇ. ಇಲ್ಲಿ ಪ್ಯಾಂಟಿನ ಮೇಲೆ ಹೊಲಿದ ಊರಿನ ಹೆಸರಿದೆ, ನಮ್ಮಲ್ಲಿ ಬಂದೋರು ತಮ್ಮ ಲೇಬಲ್ ಹಚ್ಕೊಂಡು ಹೋಗ್ತಾರೆ, ನಮಗೆ ಉಳಿಯೋದು ಪೀಸ್ ರೇಟು ಮತ್ತೆ ವಾಶಿಂಗ್ ಯೂನಿಟ್ಟಿನ ನೀಲಿ ನೀರು. ನಂಗೆ ಇದು ಹೊಟ್ಟೆಗೆ ಹಿಡಿದ ವಿಷಯ, ಅಲ್ಲಿ ನಿಂತಾಗ ಇನ್ನೂ ಜಾಸ್ತಿ ಆಯ್ತು.

ಒಂದು ಅಂಗಡೀಲಿ ಹಳೇ ಶಟಲ್ ಮಗ್ಗದ ಬಟ್ಟೆ. ಅಗಲ ಎಂಬತ್ತು ಸೆಂಟಿಮೀಟರ್ ಆಸುಪಾಸು ಅಷ್ಟೇ, ಒಂದು ಪ್ಯಾಂಟಿಗೆ ಮೂರು ಮೀಟರ್ ಹತ್ರ ಬೇಕು, ಎರಡೂ ಅಂಚಿಗೆ ಕೆಂಪು ನೂಲು. ಹಾಸುನೂಲನ್ನ ನೀಲೀಲಿ ಅದ್ದಿ ಗಾಳಿಗೆ ಹಿಡಿದು ಮತ್ತೆ ಅದ್ದಿ ಬಣ್ಣ ಏರಿಸ್ತಾರೆ, ನೂಲಿನ ನಡುಭಾಗ ಬಿಳೀನೇ ಉಳಿಯುತ್ತೆ, ಅದಕ್ಕೇ ಹಾಕ್ಕೊಂಡೋರ ಮೊಣಕಾಲು, ಜೇಬಲ್ಲಿಟ್ಟ ಪರ್ಸು, ಕೂರೋ ರೀತಿ ಎಲ್ಲ ಬಿಳಿಯಾಗಿ ಬಟ್ಟೆ ಮೇಲೆ ಮೂಡೋದು.

ಅಣ್ಣಂಗೆ ಅಂತ ಒಂದು ಪ್ಯಾಂಟ್ ತಗೊಂಡ್ವಿ, ಉದ್ದ ಕಮ್ಮಿ ಮಾಡೋಕೆ ಒಳಗೆ ಕರೆದ್ರು. ಯೂನಿಯನ್ ಸ್ಪೆಷಲ್ 43200ಜಿ ಅಂತ ಅಮೆರಿಕದ ಮಷೀನ್, ಈಗ ತಯಾರಾಗಲ್ಲ, ಕಾಲು ಬಾಟಮ್ ಮಡಚಿ ಚೈನ್ ಸ್ಟಿಚ್ ಹಾಕೋದೊಂದೇ ಅದರ ಕೆಲಸ. ಹೊಲೀತಾ ಮಡಿಕೆಯ ಮೇಲಿನ ಪದರ ಕೆಳಗಿನದು ಒಂದೇ ಸಮ ಓಡಲ್ಲ, ಹಂಗಾಗಿ ಬಾಟಮ್ ಹಗ್ಗ ತಿರುಚಿದ ಹಂಗೆ ಓರೆ ಓರೆ ಸುಕ್ಕು ಬರುತ್ತೆ, ಒಗೆದ ಮೇಲೆ ಆ ಸುಕ್ಕಿನ ತುದಿಗಳು ಬಿಳಿಯಾಗ್ತವೆ, ಜೀನ್ಸ್ ಹುಚ್ಚಿನೋರು ಇದಕ್ಕೆಂದೇ ಹುಡುಕ್ಕೊಂಡು ಬರ್ತಾರೆ. ಅಮ್ಮ ಬಾಟಮ್ ತಿರುಗಿಸಿ ನೋಡಿ "ಇದು ನಾನು ಕೊಟ್ಟಿದ್ರೆ ಚೆಕಿಂಗಲ್ಲಿ ರಿಜೆಕ್ಟ್ ಮಾಡ್ತಿದ್ರು, ಪಕರಿಂಗ್ ಐತೆ ಅಂತ ಪೀಸ್ ವಾಪಸ್ ಕಳಿಸ್ತಿದ್ರು" ಅಂದ್ಲು, ನಾನು ಮೊಬೈಲಲ್ಲಿ ಜಪಾನೀಸಿಗೆ ಹಾಕಿ ತೋರಿಸಿದೆ, ಮಷೀನ್ ಮೇಲಿದ್ದ ಹೆಂಗಸು ಜೋರಾಗಿ ತಲೆ ಆಡಿಸಿ ತಾವೂ ಯೂನಿಫಾರ್ಮ್ ಲೈನಲ್ಲಿದ್ದಾಗ ಹಂಗೇ ಬೈಸ್ಕೊಂಡಿದ್ವಿ ಅಂತ ಟೈಪ್ ಮಾಡಿ ತೋರಿಸಿದ್ರು. ಅಮ್ಮ ಕೂತ್ಕೋಬಹುದಾ ಅಂತ ಕೇಳಿದ್ಲು. ಎದ್ದು ಜಾಗ ಬಿಟ್ರು, ಒಂದು ಚೂರು ಬಟ್ಟೆ ಕೊಟ್ರು, ಪೆಡಲ್ ಒತ್ತಿದ ಮೊದಲ ಸಲ ಗಾಬರಿ ಆದ್ಲು, ಸ್ಪೀಡ್ ಜಾಸ್ತಿ, ಎರಡನೇ ಸಲ ಅಂಚು ತಪ್ಪದ ಹಂಗೆ ಹೊಡೆದ್ಲು.

ಹೊರಡೋವಾಗ ಕೆಂಪು ಅಂಚಿನ ಡೆನಿಮ್ ಎರಡೂವರೆ ಮೀಟರ್ ತಗೊಂಡ್ಲು, ಅಪ್ಪಂಗೆ ಒಂದು ಚೊಣ್ಣ ಮಾಡೋಕೆ ಅಂತ ಮೊದಲು, ಆಮೇಲೆ ಬೇಡ ನಂಗೇ ಒಂದು ಜಾಕೆಟ್ ಅಂತ. ನಾನು ಅಂಚನ್ನ ಮುಂದಿನ ಗುಂಡಿಪಟ್ಟಿಗೆ ಬರೋ ಹಂಗೆ ಕತ್ತರಿಸೋಣ, ಎಲ್ರಿಗೂ ಕಾಣ್ಲಿ ಅಂದೆ. ಅವಳು ಬೇಡ, ತೋಳಿನ ಒಳಗಡೆ ಇರ್ಲಿ, ಮಡಚಿದಾಗ ಮಾತ್ರ ಕಾಣ್ಲಿ ಅಂತಾಳೆ. ಒಕಾಯಾಮಾ ಬರೋವರೆಗೂ ಅದೇ ಚರ್ಚೆ, ಅಲ್ಲಿಂದ ಟೋಕಿಯೊವರೆಗೂ ಅದೇ, ನಿಪ್ಪೊರಿಲಿ ತಗೊಂಡ ಆರು ಗುಂಡಿ ಬ್ಯಾಗಿಂದ ತೆಗೆದು ಬಟ್ಟೆ ಮೇಲಿಟ್ಟು ನೋಡಿ, ನಾಕು ಸಾಕು ಇದಕ್ಕೆ, ಎರಡು ನಿಂಗೆ ಅಂದ್ಲು.